ಒಂದು ಸಲ ನೆಕ್ಕಿದರೆ ಎರಡು ಹನಿ

ಬೆಕ್ಕು ಸಾಕಿದ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. "ಬಟ್ಟಲು ತುಂಬಾ ನೀರಿದೆ, ಬೇಕಾದಾಗ ಕುಡಿಯುತ್ತದೆ." "ನೀರು ಮುಟ್ಟದಿದ್ದರೇನಾಯಿತು, ಹಾಲು ಕುಡಿಯುತ್ತದಲ್ಲ!" ಎರಡೂ ತಪ್ಪು. ಅದೇಕೆ ಎಂಬುದು ಬೆಕ್ಕಿನ ನಾಲಿಗೆಯನ್ನು ನೋಡಿದರೆ ತಿಳಿಯುತ್ತದೆ.

ನಾಯಿ ನಾಲಿಗೆಯನ್ನು ನೀರೊಳಗೆ ಅದ್ದಿ ರಾಚುತ್ತದೆ. ಬೆಕ್ಕು ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ನೀರಿನ ಮೈಯನ್ನು ಸುಮ್ಮನೆ ಸೋಕಿಸಿ, ಥಟ್ಟನೆ ಮೇಲಕ್ಕೆಳೆಯುತ್ತದೆ. ನಾಲಿಗೆಯ ಬೆನ್ನಿಗೇ ನೀರಿನ ಸಣ್ಣ ಕಂಬವೊಂದು ಎದ್ದು ಬರುತ್ತದೆ. ಬೆಲ್ಲದ ಪಾಕ ಎಳೆ ಬಂತೇ ಎಂದು ಬೆರಳು ತಾಗಿಸಿ ಎತ್ತಿದಂತೆ. ಆದರೆ ಪಾಕ ಏಳುವುದು ಅಂಟಿನಿಂದ, ನೀರಿಗೆ ಆ ಅಂಟಿಲ್ಲ. ಬಕೆಟ್ಟಿನ ನೀರಿನ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ಜೋರಾಗಿ ಎತ್ತಿ ನೋಡಿ, ನೀರೂ ಕೈಯ ಜೊತೆ ಏಳುತ್ತದೆ. ಒಮ್ಮೆ ಹೊರಟ ನೀರು ಕೂಡಲೇ ನಿಲ್ಲುವುದಿಲ್ಲ. ದಾದರ್‌ನಲ್ಲಿ ಲೋಕಲ್ ಬ್ರೇಕ್ ಹಾಕಿದರೂ ಒಳಗೆ ನಿಂತವರ ಮೈ ಮುಂದಕ್ಕೇ ಹೋಗುತ್ತದಲ್ಲ, ಅದೇ ಜಡತ್ವ. ಗುರುತ್ವ ಆ ಕಂಬವನ್ನು ಕೆಳಕ್ಕೆ ಎಳೆದುಹಾಕುವ ಕ್ಷಣಕ್ಕೆ ಸರಿಯಾಗಿ ಬೆಕ್ಕು ಬಾಯಿ ಮುಚ್ಚುತ್ತದೆ. ಸೆಕೆಂಡಿಗೆ ಸುಮಾರು 4 ಸಲ! ಅಮೆರಿಕದಲ್ಲಿ ರೋಮನ್ ಸ್ಟಾಕರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2010ರಲ್ಲಿ ಪ್ರಕಟಿಸಿದರು. ಹುಲಿ, ಸಿಂಹಗಳದೂ ಇದೇ ರೀತಿ. ನಾಲಿಗೆ ದೊಡ್ಡದು, ಲಯ ನಿಧಾನ.

ಸೊಗಸಾದ ವಿದ್ಯೆ, ಆದರೆ ಸಿಗುವುದು ಸ್ವಲ್ಪ. ಒಂದು ನೆಕ್ಕಿಗೆ ಸುಮಾರು 0.1 ಮಿಲಿ, ಅಂದರೆ ಎರಡು ಹನಿ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದ ಒಟ್ಟು ನೀರು ಸುಮಾರು 200 ಮಿಲಿ. ಅದು ತಿನ್ನುವ 60 ಗ್ರಾಂ ಒಣ ಕಾಳಿನಂಥ ಸಿದ್ಧ ಆಹಾರದಲ್ಲಿರುವುದು ಬರೀ 6 ಮಿಲಿ. ಉಳಿದದ್ದನ್ನು ಬಟ್ಟಲಿನಿಂದ ತುಂಬಿಸಬೇಕಾದರೆ 1,900ಕ್ಕೂ ಹೆಚ್ಚು ಸಲ, ಎಂಟು ನಿಮಿಷ ಎಡೆಬಿಡದೆ ನೆಕ್ಕಬೇಕು. ಬಾಯಾರಿಕೆ ಅಷ್ಟಾಗಿ ಕಾಡದ ಈ ಪ್ರಾಣಿ ಅಷ್ಟು ಹೊತ್ತು ನೆಕ್ಕುವುದು ಅಪರೂಪ. ಇದರ ಪೂರ್ವಜರು ಮರುಭೂಮಿಯ ಅಂಚಿನ ಕಾಡುಬೆಕ್ಕುಗಳು. ಇಲಿಯ ಮೈಯಲ್ಲಿದ್ದ ನೀರೇ ಅವಕ್ಕೆ ಮುಖ್ಯ ನೀರು; ಇದ್ದಷ್ಟನ್ನು ಹಿಡಿದಿಟ್ಟು ಮೂತ್ರವನ್ನು ಗಟ್ಟಿ ಮಾಡಬಲ್ಲ ಮೂತ್ರಪಿಂಡ ಅಲ್ಲಿಂದ ಬಂದ ಬಳುವಳಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದರು. ಅಷ್ಟು ಹಳೆಯ ಒಡನಾಟದಲ್ಲೂ ಈ ಸ್ವಭಾವ ಬದಲಾಗಿಲ್ಲ.

ಹಾಗಾಗಿ ನೀರನ್ನು ಊಟದಲ್ಲೇ ಕೊಡಿ. 85 ಗ್ರಾಂನ ಒಂದು ಒದ್ದೆ ಸಿದ್ಧ ಆಹಾರದ ಪೊಟ್ಟಣದಲ್ಲಿ ಸುಮಾರು 65 ಮಿಲಿ ನೀರಿರುತ್ತದೆ. ಮೂರೂ ಹೊತ್ತು ಅದೇ ಕೈಗೆಟುಕದಿದ್ದರೆ ಒಂದು ಪೊಟ್ಟಣ, ಉಳಿದದ್ದು ಕಾಳು. ಪೊಟ್ಟಣಕ್ಕೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿ, ಉಗುರುಬೆಚ್ಚಗಿನ ನೀರು ಬೆರೆಸಿ. ಒಮ್ಮೆಲೇ ಹೆಚ್ಚು ಹಾಕಿದರೆ ಮೂಸಿ ಬಿಟ್ಟುಬಿಡುತ್ತದೆ. ಬಂಗುಡೆ ಬೇಯಿಸಿದ ನೀರೂ ಆದೀತು, ಆದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ನೆನೆಸಿದ ಕಾಳು ಮುಂಬಯಿಯ ಸೆಖೆಗೆ ಬೇಗ ಹಳಸುತ್ತದೆ, ಅರ್ಧ ಗಂಟೆ ನೋಡಿ ಚೆಲ್ಲಿ. ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಭೇದಿಯಾಗಿ ಇದ್ದ ನೀರೂ ಹೋಗುತ್ತದೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ್ದು ಕಥೆಯಲ್ಲಿ ತಮಾಷೆಯಾದರೂ ಬೆಕ್ಕಿನ ಹೊಟ್ಟೆಗೆ ಅದು ಒಳ್ಳೆಯದೇ. ಸಿರಿಂಜಿನಿಂದ ಬಲವಂತವಾಗಿ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಬಟ್ಟಲೂ ಇರಲಿ. ಅಗಲವಾದ, ತಗ್ಗಾದ ಸ್ಟೀಲ್ ಅಥವಾ ಪಿಂಗಾಣಿಯದು, ಮನೆಯ ಎರಡು-ಮೂರು ಕಡೆ, ಮಲದ ತಟ್ಟೆಯಿಂದ ದೂರ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಲೋಳೆ ಕೂರುತ್ತದೆ. ಪಾತ್ರೆ ಸೋಪಿನ ವಾಸನೆ ಉಳಿದರೆ ಬೆಕ್ಕು ಹತ್ತಿರ ಸುಳಿಯುವುದಿಲ್ಲ. ಕಾರಂಜಿ ಯಂತ್ರವಿದ್ದರೆ ವಾರಕ್ಕೊಮ್ಮೆ ಪಂಪು ಬಿಚ್ಚಿ ತೊಳೆಯಿರಿ. ಟ್ಯಾಂಕರಿನ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟಿ ಪಂಪು ನಿಂತೇಹೋಗುತ್ತದೆ.

ಎಷ್ಟು ಕುಡಿಯಿತು ಎಂದು ಅಳೆಯಬೇಕೇ? ಒಂದೇ ಅಳತೆಯ ಎರಡು ಬಟ್ಟಲಿಗೆ ತಲಾ 500 ಮಿಲಿ ನೀರು ಹಾಕಿ, ಒಂದನ್ನು ಬೆಕ್ಕಿಗೆ ಎಟುಕದ ಹಾಗೆ ಅದೇ ಕೋಣೆಯಲ್ಲಿಡಿ. ಮರುದಿನ ಎರಡನ್ನೂ ಅಳೆದರೆ ಫ್ಯಾನಿನ ಗಾಳಿಗೆ ಆರಿದ್ದೆಷ್ಟು, ಬೆಕ್ಕು ಕುಡಿದದ್ದೆಷ್ಟು ಎಂಬುದು ಬೇರೆಯಾಗಿ ಸಿಗುತ್ತದೆ. ತೂಕದ ಕಿಲೋಗೆ ದಿನಕ್ಕೆ 100 ಮಿಲಿ ದಾಟಿದರೆ ಅದನ್ನು ಒಳ್ಳೆಯ ಅಭ್ಯಾಸ ಅಂದುಕೊಳ್ಳಬೇಡಿ. ಮೂತ್ರಪಿಂಡದ ಕಾಯಿಲೆಯೋ ಸಕ್ಕರೆ ಕಾಯಿಲೆಯೋ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಒಸಡು ಬೆರಳಿಗೆ ಅಂಟಂಟಾಗಿದ್ದರೆ ನೀರು ಕಡಿಮೆಯಾಗಿದೆ.

ಗಂಡು ಬೆಕ್ಕು ಮತ್ತೆ ಮತ್ತೆ ಮಲದ ತಟ್ಟೆಗೆ ಹೋಗಿ ತಿಣುಕಿದರೂ ಮೂತ್ರದ ಹನಿ ಬೀಳದಿದ್ದರೆ ಅದರ ಕಿರಿದಾದ ಮೂತ್ರನಾಳ ಹರಳಿನಿಂದಲೋ ಲೋಳೆಯಿಂದಲೋ ಕಟ್ಟಿಕೊಂಡಿರಬಹುದು. ಆಗ ತಂಪಾಗಲಿ ಎಂದು ಎಳನೀರು ಕುಡಿಸುವವರಿದ್ದಾರೆ. ಖಂಡಿತ ಬೇಡ. ಹೊರಹೋಗಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಲ್ಲದು. ಎಳನೀರಿನಲ್ಲಿ ಹೇರಳವಾಗಿರುವುದೂ ಅದೇ. ಒಂದೆರಡು ದಿನದಲ್ಲಿ ಜೀವ ಹೋಗಬಹುದಾದ ಸ್ಥಿತಿ ಇದು, ಬೆಳಗಾಗಲಿ ಎಂದು ಕಾಯಬಾರದು. ಪರೇಲ್‌ನಲ್ಲಿ 1883ರಷ್ಟು ಹಿಂದೆಯೇ ಪ್ರಾಣಿಗಳ ಆಸ್ಪತ್ರೆ ಶುರುವಾದ ಊರು ಇದು. ನಿಮ್ಮ ಮನೆಗೆ ಹತ್ತಿರ ರಾತ್ರಿ ಹೊತ್ತು ಪಶುವೈದ್ಯರು ಎಲ್ಲಿ ಸಿಗುತ್ತಾರೆ ಎಂದು ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.