ಎರಡು ವರ್ಷದ ಮಗುವಿಗೆ ದಿನಾ ಹೊಸ ಆಟ ಎಲ್ಲಿಂದ ತರುವುದು?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ ಎರಡು ವರ್ಷ. ಸಂಜೆ ಅವಳ ಜೊತೆ ಸಿಗುವುದು ಒಂದೂವರೆ ಗಂಟೆ, ಅಡುಗೆ, ಊಟ, ಸ್ನಾನ ಎಲ್ಲ ಅದರಲ್ಲೇ ಆಗಬೇಕು. ಯಾವ ಆಟ ಕೊಟ್ಟರೂ ಐದು ನಿಮಿಷಕ್ಕೆ ಬಿಟ್ಟು ಏಳುತ್ತಾಳೆ. ದಿನಾ ಹೊಸದಾಗಿ ಏನು ಆಡಿಸುವುದು? ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿ ಕೊಡುವುದಿಲ್ಲ. ಈ ಪ್ರಶ್ನೆ ಬರುತ್ತಿರುವುದು ಇದೇ ಮೊದಲಲ್ಲ. ಪಟ್ಟಿ ಕೊಟ್ಟಾಗಲೆಲ್ಲ ತಿಂಗಳೊಪ್ಪತ್ತಿನಲ್ಲಿ "ಅದು ಮುಗಿಯಿತು, ಬೇರೆ ಕೊಡಿ" ಎಂಬ ಪತ್ರ ಬಂದೇ ಬರುತ್ತದೆ. ಮುಗಿಯುವಂಥದ್ದು ಏನಿದೆ ಅದರಲ್ಲಿ? ನೀರು, ಹಿಟ್ಟು, ಟೇಪು, ಒಂದು ರಟ್ಟಿನ ಡಬ್ಬ ಇದ್ದರೆ ಒಂದರಿಂದ ಮೂರು ವರ್ಷದ ಮಗುವಿಗೆ ಮನೆಯೊಳಗೆ ತಿಂಗಳುಗಟ್ಟಲೆ ಸಾಕು. ಹೇಗೆಂದು ಅಳತೆ ಸಮೇತ ಕೆಳಗೆ ಬರೆದಿದ್ದೇನೆ. ಅದಕ್ಕೆ ಮೊದಲು ನಿಮ್ಮ ಪ್ರಶ್ನೆಯೊಳಗೆ ಸದ್ದಿಲ್ಲದೆ ಕೂತಿರುವ "ದಿನಾ ಹೊಸದಾಗಿ" ಎಂಬ ಮಾತನ್ನು ಇತ್ಯರ್ಥ ಮಾಡಿಬಿಡೋಣ.

ಮಗುವಿಗೆ ದಿನಾ ಹೊಸ ಆಟ ಬೇಕು ಎಂದು ಹೇಳಿದವರು ಯಾರು? ಮಗುವಂತೂ ಹೇಳಿಲ್ಲ. ಊಟದ ಚಮಚವನ್ನು ಹತ್ತು ಸಲ ಕೆಳಗೆ ಬೀಳಿಸಿ, ನೀವು ಹತ್ತು ಸಲ ಎತ್ತಿಕೊಟ್ಟರೆ ಹನ್ನೊಂದನೆಯ ಸಲವೂ ಅಷ್ಟೇ ಖುಷಿಯಿಂದ ಬೀಳಿಸುವ ಜೀವ ಅದು. ಈಗಷ್ಟೇ ಓದಿ ಮುಗಿಸಿದ ಪುಸ್ತಕವನ್ನು ತಂದು ಮಡಿಲಲ್ಲಿಟ್ಟು "ಮತ್ತೆ" ಅನ್ನುವುದೂ ಅದೇ. ಸುಸ್ತಾಗಿದೆ ಎಂದು ಒಂದು ಪುಟ ಹಾರಿಸಿ ನೋಡಿ, ಅಲ್ಲೇ ಸಿಕ್ಕಿಬೀಳುತ್ತೀರಿ. ಚಮಚ ಪ್ರತಿ ಸಲವೂ ಬೀಳುತ್ತದೆ, ಸದ್ದು ಮಾಡುತ್ತದೆ ಎಂಬುದು ನಮಗೆ ಖಾತ್ರಿ. ಮಗುವಿಗೆ ಇನ್ನೂ ಖಾತ್ರಿಯಾಗಿಲ್ಲ. ಮೇಜಿನ ಕೆಳಗೆ ಹೋದದ್ದು ಅಲ್ಲೇ ಇರುತ್ತದೆಯೇ, ಅಮ್ಮ ಈ ಸಲವೂ ಬಗ್ಗುತ್ತಾಳೆಯೇ, ಬಟ್ಟೆಯ ಮೇಲೆ ಬಿದ್ದರೆ ಯಾಕೆ ಸದ್ದಿಲ್ಲ, ಇದನ್ನೆಲ್ಲ ಅದು ಪರೀಕ್ಷೆ ಮಾಡುತ್ತಿರುತ್ತದೆ. ಪರೀಕ್ಷೆ ಮಾಡುವವರು ಸಾಮಾನು ಬದಲಿಸುವುದಿಲ್ಲ, ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತಾರೆ.

ಇದು ಬರೀ ವಾದವಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡು ಗುಂಪಿನವರ ಕಿವಿಗೂ ಅಷ್ಟೇ ಸಲ ಬಿದ್ದಿದ್ದವು. ಪದಗಳನ್ನು ಚೆನ್ನಾಗಿ ಕಲಿತದ್ದು ಒಂದೇ ಕಥೆ ಕೇಳಿದ ಮಕ್ಕಳು. ಆಟಿಕೆ ವಿಷಯಕ್ಕೆ ಬಂದರೆ, ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಬಿಟ್ಟು ನೋಡಿದರು. ಅದು ಪ್ರಕಟವಾದದ್ದು 2018ರಲ್ಲಿ. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಅದನ್ನೇ ಹೆಚ್ಚು ಬಗೆಗಳಲ್ಲಿ ಬಳಸಿದರು. ಹದಿನಾರು ಇದ್ದಾಗ ಇದನ್ನು ಮುಟ್ಟಿ ಅದಕ್ಕೆ ಹಾರಿ, ಅದನ್ನು ಬಿಟ್ಟು ಮತ್ತೊಂದಕ್ಕೆ. ಇಷ್ಟಾದ ಮೇಲೂ "ಹಾಗಾದರೆ ಯಾವ ಆಟಿಕೆ ತರಲಿ?" ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ತಂದಿರುವುದರಲ್ಲಿ ಅರ್ಧವನ್ನು ಒಳಗಿಡಿ. ಹೊರಗೆ ನಾಲ್ಕೈದು ಸಾಕು, ಉಳಿದವು ಮುಚ್ಚಳವಿರುವ, ಒಳಗಿನದು ಕಾಣದ ಡಬ್ಬದಲ್ಲಿರಲಿ. ಪಾರದರ್ಶಕ ಡಬ್ಬದಲ್ಲಿಟ್ಟರೆ ಬೆರಳು ತೋರಿಸಿ ಅಳುತ್ತಾಳೆ, ಇಟ್ಟೂ ಇಡದ ಹಾಗೆ. ವಾರಕ್ಕೊಮ್ಮೆ ಒಂದೆರಡನ್ನು ಅದಲು ಬದಲು ಮಾಡಿ.

ನಿಜ ಹೇಳಬೇಕೆಂದರೆ ಬೇಸರ ಬಂದಿರುವುದು ಮಗುವಿಗಲ್ಲ, ನಿಮಗೆ. ಲೋಟದಿಂದ ಲೋಟಕ್ಕೆ ನೀರು ಸುರಿಯುವುದನ್ನು ಮೂರನೇ ಸಂಜೆಯೂ ನೋಡುತ್ತ ಕೂರುವುದು ದೊಡ್ಡವರಿಗೆ ಕಷ್ಟವೇ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ನಿಮ್ಮ ಬೇಸರಕ್ಕೆ ಮಗುವಿಗೆ ಹೊಸ ಆಟ ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

"ಸರಿ, ಐದು ನಿಮಿಷಕ್ಕೇ ಏಳುತ್ತಾಳಲ್ಲ?" ಎರಡು ವರ್ಷಕ್ಕೆ ಐದು ನಿಮಿಷ ಕಡಿಮೆಯೇನಲ್ಲ. ಎದ್ದು ಹೋದವಳು ಬಾಗಿಲ ತನಕ ಹೋಗಿ, ಪರದೆ ಎಳೆದು, ನಿಮ್ಮ ಚಪ್ಪಲಿ ಹಾಕಿಕೊಂಡು ತಿರುಗಿ ಬರುತ್ತಾಳೆ. ಅಷ್ಟರಲ್ಲಿ ನೀವು "ಇದೂ ಇಷ್ಟವಾಗಲಿಲ್ಲ" ಎಂದು ಎಲ್ಲ ಎತ್ತಿಟ್ಟಿರುತ್ತೀರಿ. ಹತ್ತು ನಿಮಿಷ ಹಾಗೇ ಬಿಡಿ. (ನೀರನ್ನು ಮಾತ್ರ ಬಿಡಬೇಡಿ, ಕಾರಣ ಮುಂದಿದೆ.) ಇನ್ನೊಂದು, ಟಿ.ವಿ. ಓಡುತ್ತಿದೆಯೇ ನೋಡಿ. "ಅವಳು ಅದನ್ನು ನೋಡುವುದೇ ಇಲ್ಲ" ಎಂಬ ಸಮಜಾಯಿಷಿ ಬೇಡ. 2008ರ ಅಮೆರಿಕದ ಅಧ್ಯಯನವೊಂದರಲ್ಲಿ ಒಂದು, ಎರಡು, ಮೂರು ವರ್ಷದ ಮಕ್ಕಳು ಆಡುವ ಕೋಣೆಯಲ್ಲಿ ದೊಡ್ಡವರ ಕ್ವಿಜ್ ಕಾರ್ಯಕ್ರಮ ಹಾಕಿಟ್ಟಿದ್ದರು. ಮಕ್ಕಳು ಅದರ ಕಡೆ ಕಣ್ಣು ಹಾಯಿಸಿದ್ದು ಒಂದು ಸಲಕ್ಕೆ ಕೆಲವೇ ಸೆಕೆಂಡು, ಆದರೂ ಅವರ ಆಟ ತುಂಡು ತುಂಡಾಯಿತು. ನಿಮ್ಮ ಕೈಯಲ್ಲಿನ ಫೋನನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗ ಆಟ.

ನೀರಿನಿಂದ ಶುರು ಮಾಡೋಣ, ಇದನ್ನು ಮೀರಿಸುವುದು ಬೇರೊಂದಿಲ್ಲ. ದಪ್ಪ ಟವೆಲ್ ಹಾಸಿ, ಅದರ ಮೇಲೆ ಅಗಲ ಬಾಯಿಯ, ತಳ ಅಗಲವಿರುವ ಬೋಗುಣಿ ಇಡಿ. ಎರಡು ಬೆರಳಗಲದಷ್ಟು ಉಗುರು ಬೆಚ್ಚಗಿನ ನೀರು, ಬೇರೆ ಬೇರೆ ಗಾತ್ರದ ಎರಡು ಪ್ಲಾಸ್ಟಿಕ್ ಲೋಟ, ಒಂದು ಸಣ್ಣ ಸೌಟು. ಅಷ್ಟೇ. ಲೋಟ ನೂರು ಮಿಲಿಲೀಟರ್ ಹಿಡಿಯುವಂಥದ್ದಿರಲಿ. ದೊಡ್ಡವರ ಲೋಟ ತುಂಬಿದರೆ ಆ ಮಣಿಕಟ್ಟಿಗೆ ಭಾರ, ಎಲ್ಲ ಮಗುಚಿಬೀಳುತ್ತದೆ, ನೀವು ಗದರುತ್ತೀರಿ, ಆಟ ಅಲ್ಲಿಗೆ ಮುಗಿಯಿತು. ಅವಳ ಕೈಯನ್ನೇ ಗಮನಿಸಿ. ಮೊದಲು ಇಡೀ ತೋಳನ್ನೇ ತಿರುಗಿಸಿ ಒಂದೇ ಏಟಿಗೆ ಸುರಿಯುತ್ತಾಳೆ, ಅರ್ಧ ಟವೆಲ್ ಪಾಲು. ಕೆಲವು ವಾರ ಕಳೆಯುವಷ್ಟರಲ್ಲಿ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟನ್ನಷ್ಟೇ ಬಾಗಿಸಿ, ನೀರಿನ ಎಳೆ ಸಣ್ಣಗೆ ಬೀಳುವಂತೆ ಸುರಿಯತೊಡಗುತ್ತಾಳೆ. ಚಮಚದಲ್ಲಿ ಚೆಲ್ಲದೆ ತಿನ್ನುವುದಕ್ಕೂ ಮುಚ್ಚಳ ತಿರುಗಿಸುವುದಕ್ಕೂ ಬೇಕಾಗುವುದು ಇದೇ ಹಿಡಿತ. ದಿನಾ ಬೇರೆ ಆಟ ಕೊಟ್ಟಿದ್ದರೆ ಈ ಬದಲಾವಣೆ ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಬದಲಾವಣೆ ಬೇಕೇ ಬೇಕೆಂದರೆ ಒಂದೇ ಒಂದು ವಸ್ತು ಬದಲಿಸಿ: ಒಂದು ದಿನ ಲೋಟ ತೆಗೆದು ಸ್ಪಂಜು, ಇನ್ನೊಂದು ದಿನ ಸೌಟಿನ ಜಾಗಕ್ಕೆ ಜರಡಿ. ಜರಡಿಯಲ್ಲಿ ನೀರು ನಿಲ್ಲದ್ದು ಎರಡು ವರ್ಷಕ್ಕೆ ದೊಡ್ಡ ಸುದ್ದಿ.

ಎಚ್ಚರಿಕೆ ಒಂದೇ, ಆದರೆ ರಿಯಾಯಿತಿ ಇಲ್ಲದ್ದು. ಐದು ಸೆಂಟಿಮೀಟರ್ ನೀರು ಸಾಕು, ಮುಗ್ಗರಿಸಿ ಮುಖ ಮುಳುಗಿದ ಪುಟ್ಟ ಮಗು ಸದ್ದೇ ಇಲ್ಲದೆ ಮುಳುಗಿಬಿಡಬಹುದು. ನೀರಿರುವಷ್ಟು ಹೊತ್ತು ಕೈಗೆಟುಕುವ ದೂರದಲ್ಲಿ ನೀವಿರಬೇಕು. ಕುಕ್ಕರ್ ಕೂಗಿತು, ಕಾಲ್ ಬಂತು ಎಂದು ಏಳುವುದಾದರೆ ಮಗುವನ್ನು ಎತ್ತಿಕೊಂಡೇ ಏಳಿ. ಆಟ ಮುಗಿದ ತಕ್ಷಣ ಬೋಗುಣಿ ಖಾಲಿ ಮಾಡಿ.

ಹಿಟ್ಟು. ಹಸಿ ಹಿಟ್ಟನ್ನು ನೀರಲ್ಲಿ ಕಲಸಿ ಕೊಟ್ಟುಬಿಡುವವರು ಬಹಳ. ಅದು ಕೈಗೆ ಮೆತ್ತುತ್ತದೆ, ಮರುದಿನಕ್ಕೆ ಹಳಸುತ್ತದೆ, ಜೊತೆಗೆ ಹಸಿ ಹಿಟ್ಟಿನಲ್ಲಿ ರೋಗಾಣುಗಳಿರಬಹುದು. ಬೇಯಿಸಿದ್ದು ವಾಸಿ: ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಒಂದು ಕಪ್ ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ನಾಲ್ಕೈದು ನಿಮಿಷಕ್ಕೆ ತಳ ಬಿಟ್ಟು ಮುದ್ದೆಯಾಗುತ್ತದೆ. ಪೂರ್ತಿ ಆರಿದ ಮೇಲೆ ನಾದಿ. ಮೆತ್ತಿಕೊಳ್ಳುತ್ತಿದ್ದರೆ ಬೆಂದಿಲ್ಲವೆಂದು ಅರ್ಥ, ಇನ್ನೊಂದು ನಿಮಿಷ ಒಲೆಯ ಮೇಲಿಡಿ, ಒಣ ಹಿಟ್ಟು ಸುರಿಯಬೇಡಿ. ಪುಡಿಯಾಗುತ್ತಿದ್ದರೆ ಕೈ ಒದ್ದೆ ಮಾಡಿಕೊಂಡು ನಾದಿ. ಗಾಳಿಯಾಡದ ಡಬ್ಬದಲ್ಲಿ ಕೆಲವು ವಾರ ಬರುತ್ತದೆ. ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಜಿಗುಟಾಗಬಹುದು, ಬೂಷ್ಟು ಕಂಡರೆ ಎಸೆಯಿರಿ. ಒಂದು ಚೂರು ನಾಲಿಗೆಗೆ ತಾಗಿದರೆ ಉಪ್ಪು ಎಂದು ಅವಳೇ ಉಗುಳುತ್ತಾಳೆ, ಮುದ್ದೆ ಮುದ್ದೆ ನುಂಗಲು ಮಾತ್ರ ಬಿಡಬಾರದು. ನಿಮ್ಮ ಮುಷ್ಟಿ ಗಾತ್ರದ ಉಂಡೆ, ಒಂದು ಚಮಚ ಕೊಟ್ಟು ಸುಮ್ಮನಿರಿ. ಅಪ್ಪ ಅಮ್ಮ ಉಮೇದಿಯಲ್ಲಿ ಆನೆ ಮಾಡಿ ತೋರಿಸುತ್ತಾರೆ, ಆಮೇಲೆ ಮಗು ಉಂಡೆಯನ್ನು ಅವರ ಕೈಗೇ ಕೊಟ್ಟು "ಆನೆ" ಎಂದು ಕೂರುತ್ತದೆ. ಅವಳು ಒತ್ತಿದರೆ ನೀವೂ ಒತ್ತಿ, ಚಿವುಟಿದರೆ ಚಿವುಟಿ. "ಇದು ಯಾವ ಬಣ್ಣ? ಎಷ್ಟಿದೆ?" ಎಂಬ ಮೌಖಿಕ ಪರೀಕ್ಷೆ ಬೇಡ.

ಟೇಪು ಅಂದರೆ ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ಕಾಗದದ ಟೇಪು. ಪಾರ್ಸೆಲ್‌ಗೆ ಹಚ್ಚುವ ಕಂದು ಟೇಪು ಅಂಟು ಬಿಡುತ್ತದೆ, ಮೇಜಿನ ಪಾಲಿಶ್ ಕೀಳುತ್ತದೆ. ಗೇಣುದ್ದದ ಏಳೆಂಟು ಪಟ್ಟಿಗಳನ್ನು ನೆಲಕ್ಕೆ ಅಂಟಿಸಿ, ಪ್ರತಿಯೊಂದರ ಒಂದು ತುದಿಯನ್ನು ಬೆರಳಗಲ ಒಳಗೆ ಮಡಚಿ. ಆ ಮಡಿಕೆ ಇಲ್ಲದಿದ್ದರೆ ಉಗುರಿಗೆ ಸಿಗದೆ ಅಳು ಶುರು. ಕೀಳುವುದೇ ಆಟ. ಕಿತ್ತದ್ದೆಲ್ಲ ಆಗಿಂದಾಗಲೇ ಬುಟ್ಟಿಗೆ, ಬಾಯಿಗೆ ಹೋಗಬಾರದು.

ಡಬ್ಬ ಇನ್ನೂ ಸುಲಭ. ರಟ್ಟಿನ ಡಬ್ಬದ ಮೇಲೆ ಒಂದು ಸೀಳು, ಹಳೆಯ ಕಾರ್ಡುಗಳು, ದೊಡ್ಡ ಮುಚ್ಚಳಗಳು. ತೂತು ವಸ್ತುವಿಗಿಂತ ಬೆರಳಗಲ ದೊಡ್ಡದಿರಲಿ, ಮೇಲಿನ ಮುಚ್ಚಳ ಅವಳೇ ತೆಗೆಯುವಂತಿರಲಿ. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬೇಡ. ಇದೇ ಕಾರಣಕ್ಕೆ ತಟ್ಟೆ ತುಂಬ ಬಣ್ಣದ ಕಾಳು ಸುರಿದು ಆಡಿಸುವ ಆ ಚೆಂದದ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಕಾಳು ಮೂಗಿಗೆ ಹೋಗುತ್ತದೆ, ಅಲ್ಲಿ ತೇವಕ್ಕೆ ಊದಿಕೊಳ್ಳುತ್ತದೆ, ಆಮೇಲೆ ವೈದ್ಯರೇ ತೆಗೆಯಬೇಕು.

ಇನ್ನು ಸಮಯ. ಮನೆಗೆ ಬಂದ ತಕ್ಷಣ ಅಡುಗೆಮನೆಗೆ ನುಗ್ಗದೆ ಕೈಕಾಲು ತೊಳೆದು, ಫೋನು ಬೇರೆ ಕೋಣೆಯಲ್ಲಿಟ್ಟು, ಹತ್ತು ನಿಮಿಷ ನೆಲದ ಮೇಲೆ ಕೂತುಬಿಡಿ. ದಿನವಿಡೀ ನಿಮ್ಮನ್ನು ಕಾಣದವಳು ಮೊದಲು ಮೈಮೇಲೆ ಹತ್ತುತ್ತಾಳೆ, ಹತ್ತಲಿ. ಅದಾದ ಮೇಲೆ ಹಿಟ್ಟೋ ಡಬ್ಬವೋ ಕೊಟ್ಟರೆ ನೀವು ಅಲ್ಲೇ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಆಡಿಕೊಂಡಿರುವ ಸಂಭವ ಹೆಚ್ಚು. ಮೊದಲು ಅಡುಗೆ, ಆಮೇಲೆ ಆಟ ಎಂದರೆ ಕಾಲಿಗೆ ಜೋತುಬಿದ್ದ ಮಗುವನ್ನು ಎಳೆದುಕೊಂಡೇ ಒಗ್ಗರಣೆ ಹಾಕಬೇಕು. ಒಣಗಿದ ಬಟ್ಟೆಯನ್ನು ಒಂದೊಂದಾಗಿ ಎತ್ತಿಕೊಡುವುದು, ಕಾಲುಚೀಲ ಬುಟ್ಟಿಗೆ ಹಾಕುವುದು, ಇವೂ ಅವಳ ಲೆಕ್ಕದಲ್ಲಿ ಆಟವೇ. ನಿಮ್ಮ ಕೆಲಸ ದುಪ್ಪಟ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ನಿಜ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆಟ ನಿಲ್ಲಿಸುವುದು ಹೇಗೆ? ಶುರು ಮಾಡಲು ನೂರು ಉಪಾಯ ಹುಡುಕುವವರು ಮುಗಿಸುವಾಗ "ಇನ್ನು ಐದೇ ನಿಮಿಷ" ಅನ್ನುತ್ತಾರೆ. ಎರಡು ವರ್ಷಕ್ಕೆ ಐದು ನಿಮಿಷವೂ ಒಂದೇ, ನಾಳೆಯೂ ಒಂದೇ. ಗಡಿಯಾರದ ಬದಲು ಅವಳ ಕೈಯ ಕೆಲಸವನ್ನೇ ಎಣಿಸಿ. "ಇನ್ನು ಮೂರು ಸಲ ಸುರಿ, ಆಮೇಲೆ ಮುಗೀತು." ಸುರಿದಂತೆಲ್ಲ ಗಟ್ಟಿಯಾಗಿ ಎಣಿಸಿ, ಮೂರು ಅಂದರೆ ಮೂರೇ. ಒಂದು ದಿನ ಅಳುವಿಗೆ ಸೋತು ನಾಲ್ಕನೆಯದಕ್ಕೆ ಬಿಟ್ಟರೆ ಮುಂದಿನ ವಾರವಿಡೀ ಅಳುವಿನ ದರ ಏರಿರುತ್ತದೆ. ಆಮೇಲೆ ಕೈ ಖಾಲಿ ಬಿಡಬೇಡಿ, ಮುಗಿಸುವ ಕೆಲಸವೊಂದನ್ನು ಅವಳಿಗೇ ಕೊಡಿ. ಲೋಟ ಸಿಂಕಿನ ತನಕ ಒಯ್ಯುವುದು, ಹಿಟ್ಟಿನ ಡಬ್ಬದ ಮುಚ್ಚಳ ಒತ್ತುವುದು, ಯಾವುದಾದರೂ. ಇಷ್ಟು ಮಾಡಿದರೂ ಕೆಲವು ದಿನ ಅತ್ತೇ ಅಳುತ್ತಾಳೆ, ಹಸಿವು ಅಥವಾ ನಿದ್ದೆ ಇರುತ್ತದೆ. ಚೆಲ್ಲಿದ ನೀರು ಒರೆಸಲು ಅವಳಿಗೂ ಒಂದು ಬಟ್ಟೆ ಕೊಡಿ. ಅವಳು ಒರೆಸಿದ ಜಾಗವನ್ನು ಅವಳೆದುರೇ ಮತ್ತೆ ಒರೆಸಲು ಹೋಗಬೇಡಿ, ಸ್ನಾನಕ್ಕೆ ಕರೆದೊಯ್ಯುವಾಗ ಇಬ್ಬರಲ್ಲಿ ಒಬ್ಬರು ಹಿಂದೆ ಉಳಿದು ನೆಲ ಪೂರ್ತಿ ಒಣಗಿಸಿದರಾಯಿತು.