ಬೈಲಕುಪ್ಪೆ ಟಿಪ್ಪಣಿ: ನೆಲ, ನೆರೆಹೊರೆ ಮತ್ತು ಆರ್‌ಸಿ

‘ನಿರಾಶ್ರಿತರಿಗೆ ನೆಲೆ ಒದಗಿಸುವಲ್ಲಿ ಸ್ಥಳೀಯ ಸಮುದಾಯದ ಪಾತ್ರವನ್ನು ಉದಾಹರಣೆಯೊಂದಿಗೆ ವಿವರಿಸಿ’ ಎಂಬ ಪ್ರಶ್ನೆಗೆ ಮಾದರಿ ಪರೀಕ್ಷೆಯಲ್ಲಿ ನಾನು ಬೈಲಕುಪ್ಪೆಯ ಟಿಬೆಟನ್ ವಸಾಹತನ್ನೇ ಆರಿಸಿಕೊಂಡು ಎರಡು ಪುಟ ತುಂಬಿಸಿದ್ದೆ. ಅದರಲ್ಲಿ ನೆಹರೂ ಇದ್ದರು, ಮೈಸೂರು ಸರ್ಕಾರ ಇತ್ತು, ಎಕರೆಗಳ ಲೆಕ್ಕವೂ ಇತ್ತು. ಉತ್ತರಪತ್ರಿಕೆ ಮರಳಿ ಕೈಗೆ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಊರಿನವರು ಎಲ್ಲಿ?’ ಎಂದು ಬರೆದಿತ್ತು. ಹತ್ತಕ್ಕೆ ನಾಲ್ಕು ಅಂಕ. ಆ ಎರಡು ಪದಗಳಿಗೆ ಉತ್ತರ ಹುಡುಕುತ್ತ ಮಾಡಿಕೊಂಡ ಟಿಪ್ಪಣಿ ಇದು. ಇದೇ ಪಠ್ಯವನ್ನು ಓದುತ್ತಿರುವವರಿಗೂ ಒದಗಬಹುದು.

ಇತಿಹಾಸದ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲ ಕೊಡುವಂತೆ ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ರಾಜ್ಯ ಉಳಿದೆಲ್ಲ ರಾಜ್ಯಗಳಿಗಿಂತ ಹೆಚ್ಚು ನೆಲ ಕೊಟ್ಟಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು 1960ರ ಸುಮಾರಿಗೆ ಮೊದಲ ವಸಾಹತಿಗೆ ಸಂದಿತು. ಮುಂಡಗೋಡು 1966ರಲ್ಲಿ, ಬೈಲಕುಪ್ಪೆಯ ಎರಡನೆಯ ವಸಾಹತು 1969ರಲ್ಲಿ, ಹುಣಸೂರಿನ ಗುರುಪುರ 1972ರಲ್ಲಿ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ 1974ರಲ್ಲಿ ಸೇರಿಕೊಂಡವು. ಇಲ್ಲಿ ಒಂದು ಎಚ್ಚರ ಅಗತ್ಯ. ಬೈಲಕುಪ್ಪೆಯ ನೆಲವನ್ನು ಕೊಟ್ಟ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ ಎಂದು ಎಲ್ಲೆಡೆ ಓದುತ್ತೇವೆ, ಟಿಬೆಟನ್ನರು ಇಂದಿಗೂ ನೆನೆಯುವುದು ಅವರನ್ನೇ. ಆದರೆ 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಆ ಕುರ್ಚಿಯಲ್ಲಿ ಇದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪನವರು ಮರಳಿ ಬಂದದ್ದು 1962ರ ಜೂನ್‌ನಲ್ಲಿ, ಆದ್ದರಿಂದ ಮುಂಡಗೋಡು ನಿಸ್ಸಂದೇಹವಾಗಿ ಅವರ ಕಾಲದ್ದು. ಹೆಸರಿನ ಜೊತೆಗೆ ಇಸವಿ ಬರೆಯುವವರು ಇದನ್ನು ನೋಡಿಕೊಂಡು ಬರೆಯಬೇಕು.

ಇನ್ನು ಊರಿನವರ ವಿಷಯ. ನನಗೆ ತಡವಾಗಿ ಹೊಳೆದದ್ದು ಇಷ್ಟು: ಪಕ್ಕದ ಹಳ್ಳಿಗಳವರ ಸ್ವಾಗತ ಯಾವ ಆದೇಶದಲ್ಲೂ ಸಿಗುವುದಿಲ್ಲ, ಅದು ಕೊಡುಕೊಳ್ಳುವಿಕೆಯಲ್ಲಿ ನಿಧಾನವಾಗಿ ಬೆಳೆದದ್ದು. ಕೆನಡಾದಲ್ಲಿ 1979ರಿಂದ ಇರುವ ಖಾಸಗಿ ಪ್ರಾಯೋಜಕತ್ವದ ಪದ್ಧತಿಯಲ್ಲಿ ಐದು ಮಂದಿ ನಾಗರಿಕರು ಸೇರಿ, ಒಂದು ನಿರಾಶ್ರಿತ ಕುಟುಂಬವನ್ನು ಸಾಮಾನ್ಯವಾಗಿ ಒಂದು ವರ್ಷ ನೋಡಿಕೊಳ್ಳುತ್ತೇವೆಂದು ಸಹಿ ಹಾಕಿಕೊಡಬಹುದಿತ್ತು (ಇಂಥ ಐವರ ಗುಂಪುಗಳ ಹೊಸ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ತಡೆಹಿಡಿಯಲಾಯಿತು). ಅಲ್ಲಿ ಊರಿನವರ ಪಾತ್ರ ಕಾಗದದಲ್ಲೇ ಕಾಣುತ್ತದೆ. ಬೈಲಕುಪ್ಪೆಯಲ್ಲಿ ಯಾರೂ ಸಹಿ ಹಾಕಲಿಲ್ಲ. ಚಳಿಯ ನಾಡಿನಿಂದ ಬಂದವರು ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು ಹೊಲ ಮಾಡಿಕೊಂಡು ಮುಸುಕಿನ ಜೋಳ ಹಾಕಿದರು. ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿ ಕಾವಲು ಕೂತರು. ಕಾಡಂಚಿನ ಕನ್ನಡದ ರೈತನಿಗೂ ಆ ಕಾವಲು ಹೊಸದಾಗಿರಲಿಲ್ಲ. ಹೊಲ ಒಂದು ದಾರಿಗೆ ಬಂದ ಮೇಲೆ ಸುತ್ತಲಿನ ಹಳ್ಳಿಯವರು ಅಲ್ಲಿಗೆ ಕೂಲಿಗೆ ಹೋದರು. ಚಳಿಗಾಲದಲ್ಲಿ ಟಿಬೆಟನ್ನರು ಸ್ವೆಟರ್ ಮಾರಲು ಪಟ್ಟಣಗಳಿಗೆ ಹೊರಟಾಗ, ಮಕ್ಕಳು ಓದಿ ಬೇರೆಡೆ ನೆಲೆಸಿದಾಗ, ಆ ಹೊಲಗಳನ್ನು ಗುತ್ತಿಗೆಗೆ ಹಿಡಿದು ಉತ್ತವರೂ ಹಳ್ಳಿಯವರೇ.

ಕಳೆದ ತಿಂಗಳು ಕುಶಾಲನಗರದಿಂದ ಆಟೋ ಹಿಡಿದು ಹೋಗಿದ್ದೆ. ಚಾಲಕ ‘ಎಷ್ಟನೇ ಕ್ಯಾಂಪು?’ ಎಂದು ಕೇಳಿದ. ಟಿಬೆಟನ್ನರು ತಮ್ಮ ವಸಾಹತಿಗೆ ಲುಗ್ಸುಂಗ್ ಸಮ್ದುಪ್ಲಿಂಗ್ ಎಂದು ಹೆಸರಿಟ್ಟುಕೊಂಡಿದ್ದರೂ ಸುತ್ತಲಿನವರ ಬಾಯಲ್ಲಿ ಅದು ಅಂಕಿ ಹಚ್ಚಿದ ಕ್ಯಾಂಪು ಮಾತ್ರ. ಅಂಗಡಿಯೊಂದರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ತರಕಾರಿಯವನ ಜೊತೆ ‘ಹೋದ ವಾರ ಕೊಟ್ಟ ಟೊಮೆಟೊ ಅರ್ಧ ಕೊಳೆತಿತ್ತು, ಇವತ್ತು ದುಡ್ಡು ಕಮ್ಮಿ ಮಾಡ್ಕೊ’ ಎಂದು ಅಚ್ಚ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಅವನು ಐದು ರೂಪಾಯಿ ಬಿಟ್ಟ. ನನ್ನ ಎರಡು ಪುಟದ ಉತ್ತರದಲ್ಲಿ ಇಲ್ಲದೇ ಹೋದದ್ದು ಆ ಐದು ರೂಪಾಯಿ.

ಎಲ್ಲವೂ ಹಿತವಾಗಿತ್ತೆಂದು ಬರೆದರೆ ಅದೂ ಅರ್ಧ ಉತ್ತರವೇ. ಹೊರಗಿನಿಂದ ಬಂದವರಿಗೆ ನೆಲ, ನೆರವು ಎಲ್ಲ ಸಿಗುವಾಗ ಪಕ್ಕದ ಭೂಹೀನನಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಅಸೂಯೆಯದ್ದಲ್ಲ, ನ್ಯಾಯದ್ದು. ಇದಕ್ಕೆ ಭಾಗಶಃ ಉತ್ತರವಾಗಿ ಮೈರಾಡ ಎಂಬ ಸಂಸ್ಥೆಯನ್ನು ನೋಡಬಹುದು. 1968ರಲ್ಲಿ ‘ಮೈಸೂರು ರಿಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ’ ಎಂಬ ಹೆಸರಿನಲ್ಲಿ ಅದು ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗಾಗಿ. ಆ ಕೆಲಸ ಮುಗಿಯುತ್ತ ಬಂದಂತೆ ಅದು ಸ್ಥಳೀಯ ಬಡವರತ್ತ ತಿರುಗಿತು, 1980ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿತು. ಇಂದು ಹಳ್ಳಿ ಹಳ್ಳಿಯಲ್ಲಿ ಕಾಣುವ ‘ಸಂಘ’ದ ಬೇರುಗಳಲ್ಲಿ ಒಂದು ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆಯವರೆಗೂ ಹೋಗುತ್ತದೆ.

ನಾನು ಮೂರು ದಿನ ಸಿಕ್ಕಿಕೊಂಡದ್ದು ಕಾಗದದ ವಿಷಯದಲ್ಲಿ, ಆದ್ದರಿಂದ ಅದನ್ನು ಬಿಡಿಸಿ ಬರೆಯುತ್ತೇನೆ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ. ನಮ್ಮ ಕಾನೂನಿನ ಕಣ್ಣಲ್ಲಿ ಟಿಬೆಟನ್ನರು ‘ವಿದೇಶಿಯರು’, ಅವರ ಕೈಯಲ್ಲಿರುವುದು ಆರ್‌ಸಿ ಎಂಬ ನೋಂದಣಿ ಪತ್ರ. (ಹಳೆಯ ಗೈಡುಗಳಲ್ಲಿರುವ 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ.) ಹಾಗಾದರೆ ಆರ್‌ಸಿ ಇದ್ದವರೆಲ್ಲ ವಿದೇಶಿಯರೇ? ಹೌದು ಎಂದುಕೊಂಡಿದ್ದೆ, ಅಲ್ಲೇ ತಪ್ಪಿದ್ದೆ.

ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ನಾಗರಿಕರು. ಆ ಜುಲೈ 1ರಿಂದ 2004ರ ಡಿಸೆಂಬರ್ 3ಕ್ಕಿಂತ ಮುಂಚಿನವರೆಗೆ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. ಅಲ್ಲಿಂದ ಮುಂದೆ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈಗ ಲೆಕ್ಕ ಹಾಕಿ: ತಂದೆ 1964ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವರು, ಜೇಬಿನಲ್ಲಿ ಆರ್‌ಸಿ ಇದೆ, ಮಗಳು 1990ರಲ್ಲಿ ಅಲ್ಲೇ ಹುಟ್ಟಿದವಳು. ‘ತಂದೆಯ ಹತ್ತಿರ ಆರ್‌ಸಿ ಇದೆ, ಆದ್ದರಿಂದ ಅವರು ವಿದೇಶಿ, ಆದ್ದರಿಂದ ಮಗಳೂ ವಿದೇಶಿ’ ಎಂದು ನಾನು ಬರೆದಿದ್ದೆ. ಆದರೆ ಹುಟ್ಟಿನ ಪೌರತ್ವವು ಅರ್ಜಿ ಹಾಕಿ ಪಡೆಯುವಂಥದ್ದಲ್ಲ, ಹುಟ್ಟಿದ ಕ್ಷಣದಲ್ಲೇ ಕಾನೂನಿನ ಬಲದಿಂದ ಬಂದುಬಿಡುತ್ತದೆ. ಆಮೇಲೆ ಕೈಗೆ ಬಂದ ಆರ್‌ಸಿ ಅದನ್ನು ಅಳಿಸುವುದಿಲ್ಲ. ಹಾಗಾಗಿ ತಂದೆ 1964ರಿಂದಲೂ ನಾಗರಿಕರು, 1990ರಲ್ಲಿ ಮಗಳಿಗೆ ‘ಒಬ್ಬ ನಾಗರಿಕ ಹೆತ್ತವರು’ ಇದ್ದರು, ಅವಳೂ ನಾಗರಿಕಳು. ಮಗಳ ಲೆಕ್ಕ ಬಿಡಿಸುವ ಮುನ್ನ ತಂದೆಯ ಲೆಕ್ಕ ಮುಗಿಸಿಕೊಳ್ಳಬೇಕು. ನನ್ನ ಒಳದಾರಿ ಇದೇ. 1987ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದ ಟಿಬೆಟನ್ನರ ಹಕ್ಕನ್ನು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿದವು.

ಮತ್ತೆ ಊರಿನ ಪ್ರಶ್ನೆಗೆ ಬರುವುದು ಇಲ್ಲಿಯೇ. ಭಾರತೀಯ ಪಾಸ್‌ಪೋರ್ಟ್ ಕೇಳುವ ಟಿಬೆಟನ್ನರು ಆರ್‌ಸಿಯನ್ನು ಒಪ್ಪಿಸಬೇಕು, ಅದರ ಸವಲತ್ತು ಬಿಡಬೇಕು, ವಸಾಹತಿನಲ್ಲಿ ವಾಸಿಸಬಾರದು ಎಂದು 2017ರಲ್ಲಿ ವಿದೇಶಾಂಗ ಸಚಿವಾಲಯ ಷರತ್ತು ಹಾಕಿತು. ಅಂದರೆ ಆ ಷರತ್ತಿನಂತೆ ನಮ್ಮ ಲೆಕ್ಕದ ಆ ಮಗಳು ಪಾಸ್‌ಪೋರ್ಟ್ ಬೇಕೆಂದರೆ ತಾನು ಹುಟ್ಟಿದ ಕ್ಯಾಂಪು ಬಿಟ್ಟು ಕುಶಾಲನಗರದಲ್ಲೋ ಪಿರಿಯಾಪಟ್ಟಣದಲ್ಲೋ ಬಾಡಿಗೆ ಮನೆ ಹುಡುಕಬೇಕಿತ್ತು, ಮತ್ತು ಆ ಮನೆಯನ್ನು ಅವಳಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಿದ್ದವರು ಊರಿನವರೇ.