ಬೈಕಿಗೆ ಕಟ್ಟಿದ ಮರಿ

ಮುಧೋಳ ನಾಯಿಯ ಮರಿಯನ್ನು ಐದು ತಿಂಗಳಿಗೇ ಬೈಕಿಗೆ ಕಟ್ಟಿ ಓಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೇಳಿ ಹೇಳಿ ಗಂಟಲು ಒಣಗಿದೆ, ಇನ್ನು ಬರೆದಾದರೂ ನೋಡೋಣ.

ಈ ನಾಯಿಗೆ ಹೆಸರು ಬಂದದ್ದು ಹೊಸದೇನಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೇನೆಗೂ ಹೋಯಿತು. 2020ರಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ಹೆಸರು ಹೇಳಿದ ಮೇಲಂತೂ ಎಲ್ಲರಿಗೂ ಒಂದು ಮರಿ ಬೇಕು. ಮರಿ ಮನೆಗೆ ಬಂದ ಮೂರನೆಯ ತಿಂಗಳಿಗೆ ಅದು ಸೈನಿಕನೂ ಆಗಬೇಕು, ಜಾತ್ರೆಯ ಓಟದಲ್ಲಿ ಬಹುಮಾನವನ್ನೂ ತರಬೇಕು. ಬೆಳಗಾದರೆ ಲೋಕಾಪುರದ ಕಡೆಯ ಡಾಂಬರು ರಸ್ತೆಯಲ್ಲಿ ಮುಂದೆ ಬೈಕು, ಹಿಂದೆ ಹಗ್ಗ, ಹಗ್ಗದ ತುದಿಗೆ ಕಾಲೆಲ್ಲ ಉದ್ದವಾಗಿ ಬೆಳೆದ, ಇನ್ನೂ ಹಾಲುಮುಖದ ಒಂದು ಮರಿ.

ಕೆಲವು ವಾರಗಳ ನಂತರ ಅದೇ ಮರಿ ನನ್ನ ಪಶು ದವಾಖಾನೆಯ ಮೇಜಿನ ಮೇಲೆ ನಿಂತಿರುತ್ತದೆ. ಮುಂಗಾಲು ಬಿಲ್ಲಿನಂತೆ ಮುಂದಕ್ಕೆ ಬಾಗಿ, ಪಾದ ಹೊರಕ್ಕೆ ತಿರುಗಿರುತ್ತದೆ. ಯಜಮಾನರದು ಒಂದೇ ಮಾತು: "ಸಾಹೇಬರೇ, ಕ್ಯಾಲ್ಸಿಯಂ ಕಡಿಮೆ ಬಿದ್ದಿರಬೇಕು, ಒಳ್ಳೆಯ ಟಾನಿಕ್ ಬರೆದುಕೊಡಿ." ಟಾನಿಕ್ಕನ್ನು ಅಂಗಡಿಯಿಂದ ತಂದು ಆಗಲೇ ಒಂದು ಬಾಟಲಿ ಕುಡಿಸಿಯೂ ಆಗಿರುತ್ತದೆ. ದೊಡ್ಡ ತಳಿಯ ಮರಿಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ ಎಂದರೆ ನಂಬುವುದಿಲ್ಲ.

ಆಗುವುದು ಏನೆಂದು ಮತ್ತೊಮ್ಮೆ ಹೇಳುತ್ತೇನೆ. ಎಲುಬು ಉದ್ದವಾಗುವುದು ಅದರ ತುದಿಯ ಹತ್ತಿರ ಇರುವ ಮೃದ್ವಸ್ಥಿಯ ಒಂದು ತೆಳು ಪಟ್ಟಿಯಿಂದ. ನಮ್ಮ ಕಡೆಯವರಿಗೆ ಕಬ್ಬು ಗೊತ್ತು. ಕಬ್ಬು ಉದ್ದವಾಗುವುದು ಗೆಣ್ಣಿನ ಬಳಿಯ ಎಳೆಯ ಉಂಗುರದಿಂದ, ಎಳೆಯ ಜಲ್ಲೆಯನ್ನು ಬಗ್ಗಿಸಿದರೆ ಲಟಕ್ಕೆಂದು ಮುರಿಯುವುದೂ ಅಲ್ಲಿಯೇ. ಮರಿಯ ಎಲುಬೂ ಹಾಗೆಯೇ, ಬೆಳೆಯುವ ಜಾಗವೇ ಅತಿ ದುರ್ಬಲ ಜಾಗ. ಮುಂಗಾಲಿನಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳು ಜೊತೆಜೊತೆಯಾಗಿ ಬೆಳೆಯುತ್ತವೆ, ರೇಡಿಯಸ್ ಮತ್ತು ಅಲ್ನಾ. ಅಲ್ನಾದ ಉದ್ದದ ಸುಮಾರು ಶೇಕಡಾ 85ರಷ್ಟು ಬರುವುದು ಮಣಿಕಟ್ಟಿನ ಕಡೆಯ ಒಂದೇ ಪಟ್ಟಿಯಿಂದ. ನಾಯಿಯಲ್ಲಿ ಆ ಪಟ್ಟಿ ಶಂಕುವಿನ ಆಕಾರದ್ದು, ಅಡ್ಡ ಪೆಟ್ಟು ಬಿದ್ದರೂ ಜಾರಿಹೋಗದೆ ಜಜ್ಜಿಕೊಳ್ಳುತ್ತದೆ. ಜಜ್ಜಿದರೆ ಅಲ್ನಾದ ಬೆಳವಣಿಗೆ ನಿಂತಿತು. ಪಕ್ಕದ ರೇಡಿಯಸ್ ಬೆಳೆಯುತ್ತಲೇ ಇರುತ್ತದೆ. ಒಂದು ನಿಂತು ಇನ್ನೊಂದು ಬೆಳೆದರೆ ಬಾಗದೆ ಬೇರೆ ದಾರಿ ಎಲ್ಲಿದೆ? ಪೆಟ್ಟು ಬಿದ್ದ ದಿನ ಕ್ಷ-ಕಿರಣದಲ್ಲಿಯೂ ಏನೂ ಕಾಣದಿರಬಹುದು, ವಾರಗಳಾದ ಮೇಲೆ ಸೊಟ್ಟ ಕಾಣುತ್ತದೆ. ಆದ್ದರಿಂದಲೇ ಬೈಕಿಗೂ ಕಾಲಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಸೊಟ್ಟ ಕಾಲಿಗೆಲ್ಲ ಓಟವೇ ಕಾರಣ ಎಂದು ನಾನು ಹೇಳಲಾರೆ. ಮಾಳಿಗೆಯಿಂದ ಬಿದ್ದಿರಬಹುದು, ವಂಶದಲ್ಲಿ ಬಂದಿರಬಹುದು, ಆಹಾರದ ದೋಷವಿರಬಹುದು. ಆದರೆ ಹಗ್ಗಕ್ಕೆ ಕಟ್ಟಿದ ಮರಿ ಮುಗ್ಗರಿಸಿದಾಗ ಬೈಕು ನಿಲ್ಲುವುದರೊಳಗೆ ಅದನ್ನು ಎಷ್ಟು ದೂರ ಎಳೆದುಕೊಂಡು ಹೋಗಿರುತ್ತದೆ ಎಂಬುದನ್ನು ನೆನೆಯಿರಿ.

"ಅದೇ ಖುಷಿಯಿಂದ ಓಡುತ್ತದಲ್ಲ ಸಾಹೇಬರೇ, ನಾನೇನು ಬಡಿದು ಓಡಿಸುತ್ತೇನೆಯೇ?" ಎನ್ನುತ್ತಾರೆ. ನನ್ನ ತಕರಾರಿನ ಬೇರು ಇರುವುದೇ ಈ ಮಾತಿನಲ್ಲಿ. ಮರಿ ಓಡಬಾರದೆಂದು ನಾನು ಎಂದೂ ಹೇಳಿಲ್ಲ. ಕಣದಲ್ಲಿ, ಅಂಗಳದಲ್ಲಿ, ಹರಗಿದ ಹೊಲದ ಮೆತ್ತನೆಯ ಮಣ್ಣಿನಲ್ಲಿ ಬಿಡಿ, ಓಡಲಿ. ಸುತ್ತು ಹೊಡೆಯುತ್ತದೆ, ಬೀಳುತ್ತದೆ, ಏದುಸಿರು ಬಂದರೆ ಬೇವಿನ ಮರದ ಕೆಳಗೆ ಮಲಗಿಬಿಡುತ್ತದೆ. ಅಲ್ಲಿ ಯಾವಾಗ ನಿಲ್ಲಬೇಕೆಂಬುದು ಅದರ ಕೈಯಲ್ಲಿದೆ. ಬೈಕಿನ ಹಿಂದೆ ಅದು ನಿಮ್ಮ ಆ್ಯಕ್ಸಲರೇಟರಿನ ಕೈಯಲ್ಲಿದೆ. ಯಜಮಾನನ ಬೆನ್ನು ಕಾಣುವವರೆಗೆ ನಾಯಿ ನೋವು ನುಂಗಿಕೊಂಡು ಓಡುತ್ತದೆ, ಅದರ ಜಾತಿಯೇ ಅಂಥದ್ದು. ಅದನ್ನು ಖುಷಿ ಎಂದು ಕರೆಯಬೇಡಿ. ಆದ್ದರಿಂದ ಮರಿಯ ಯಾವ ವ್ಯಾಯಾಮಕ್ಕಾದರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬೇಡವೆನಿಸಿದಾಗ ಅದು ನಿಲ್ಲಬಹುದೋ ಇಲ್ಲವೋ? ನಿಲ್ಲಬಹುದಾದರೆ ಬಹುಮಟ್ಟಿಗೆ ಸರಿ. ನಿಲ್ಲಲಾಗದಿದ್ದರೆ, ಅದು ಸೈಕಲ್ಲಿನ ಪಕ್ಕದ ನಿಧಾನದ ಓಟವಾದರೂ ತಪ್ಪು.

ಎಷ್ಟು ದಿನ ಹೀಗೆ? ಸಣ್ಣ ತಳಿಗಳಲ್ಲಿ ಈ ಪಟ್ಟಿಗಳು ವರ್ಷದೊಳಗೇ ಗಟ್ಟಿಯಾಗುತ್ತವೆ, ದೊಡ್ಡವುಗಳಿಗೆ ಇನ್ನೂ ಹೆಚ್ಚು ಸಮಯ ಬೇಕು. ಮುಧೋಳದಂಥ ಎತ್ತರದ ನಾಯಿಗೆ 14-15 ತಿಂಗಳವರೆಗೆ ತಡೆಯಿರಿ ಎಂದು ನಾನು ಹೇಳುತ್ತೇನೆ. ಗ್ರೇಟ್ ಡೇನ್ ಸಾಕಿದ್ದರೆ ಒಂದೂವರೆ ವರ್ಷ. ಅದಕ್ಕೂ ಮುಂಚೆ ಓಟ ಕಲಿಸಲೇಬೇಕೆಂಬ ಆತುರವಿದ್ದರೆ ಒಂದು ಕ್ಷ-ಕಿರಣ ತೆಗೆಸಿಕೊಂಡು ಬನ್ನಿ, ನೋಡಿ ಹೇಳೋಣ.

ಬೆಳೆದ ನಾಯಿಗೂ ಬೈಕು ಬೇಡ. ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಕೆಲವೇ ಕ್ಷಣ ಬಾಣದಂತೆ ಹೋಗಿ, ಆಮೇಲೆ ದಿನವಿಡೀ ಬಿದ್ದುಕೊಳ್ಳುವ ಪ್ರಾಣಿ. ಅದನ್ನು ಎತ್ತಿನಂತೆ ಹೂಡಿದರೆ ಹೇಗೆ? ಹತ್ತು ನಿಮಿಷ ನಡೆಸಿ ಮೈ ಬೆಚ್ಚಗಾಗಿಸಿ, ಬೇಲಿಯಿರುವ ಜಾಗದಲ್ಲಿ ಎರಡು ಮೂರು ಓಟ, ಮತ್ತೆ ನಡಿಗೆ, ಸಾಕು. ಮೊಲದ ಹಿಂದೆ ಬಿಡುವುದು ವ್ಯಾಯಾಮವಲ್ಲ, ಅಪರಾಧ. ಜಾಗವನ್ನೂ ನೋಡಿಕೊಳ್ಳಿ. ಬೇಸಗೆಯ ಎರೆ ಹೊಲ ದೂರದಿಂದ ಸಪಾಟಾಗಿ ಕಾಣುತ್ತದೆ, ಹತ್ತಿರ ಹೋದರೆ ನಾಯಿಯ ಕಾಲು ಪೂರ್ತಿ ಇಳಿಯುವಂಥ ಬಿರುಕುಗಳಿರುತ್ತವೆ. ಕಬ್ಬು ಕಡಿದ ಗದ್ದೆಯ ಕೂಳೆ ಅಂಗಾಲನ್ನು ಚಾಕುವಿನಂತೆ ಸೀಳುತ್ತದೆ.

ಮನೆಯೊಳಗಿನ ವ್ಯಾಯಾಮ ಎಂದರೆ ಜನ ನಗುತ್ತಾರೆ. ಆದರೆ ನಾಯಿಯ ಮೈಕಟ್ಟು ಗಟ್ಟಿಯಾಗುವುದು ಅಲ್ಲಿಯೇ. ನಾಲ್ಕೈದು ಕಬ್ಬಿನ ಜಲ್ಲೆಗಳನ್ನು ಅಂಗಳದಲ್ಲಿ ಅಡ್ಡಡ್ಡ ಇಟ್ಟು, ನಾಯಿಯನ್ನು ಅವುಗಳ ಮೇಲಿಂದ ನಿಧಾನಕ್ಕೆ ದಾಟಿಸಿ. ಜಿಗಿಯಬಾರದು, ಒಂದೊಂದೇ ಕಾಲೆತ್ತಿ ಇಡಬೇಕು, ಜಲ್ಲೆ ತಾಗಬಾರದು. ಅಜ್ಜಿಯ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಅರ್ಧ ನಿಮಿಷ ನಿಲ್ಲಿಸಿ. ಮೆತ್ತನೆಯ ಕೌದಿಯಲ್ಲಿ ತೂಕ ಸರಿದೂಗಿಸಲು ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಸಣ್ಣಗೆ ನಡುಗುವುದನ್ನು ಕೈಯಿಟ್ಟು ನೋಡಬಹುದು. ಗೋಡೆಗೂ ಮಂಚಕ್ಕೂ ನಡುವಿನ ಓಣಿಯಲ್ಲಿ ಹಿಂದಕ್ಕೆ ನಡೆಸಿದರೆ ಹಿಂಗಾಲಿಗೆ ಒಳ್ಳೆಯದು. ಇವೆಲ್ಲ ಬೆಳಗಾವಿಯ ಫ್ಲ್ಯಾಟಿನ ಲ್ಯಾಬ್ರಡಾರಿಗೂ ಸಲ್ಲುತ್ತವೆ, ಅದರ ಮೊದಲ ವ್ಯಾಯಾಮ ಮಾತ್ರ ತಟ್ಟೆಯಿಂದಲೇ ಶುರುವಾಗಬೇಕು. ಹೊಳಪಿನ ಗ್ರಾನೈಟ್ ನೆಲದಲ್ಲಿ ಯಾವ ನಾಯಿಗೂ ಏನನ್ನೂ ಮಾಡಿಸಬೇಡಿ. ಕೆಳಗೆ ಗೋಣಿಚೀಲ ಹಾಸಿರಿ.

ತಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮುಧೋಳ ನಾಯಿಯ ಹಿಂದಿನ ಎರಡು ಮೂರು ಪಕ್ಕೆಲುಬು ತುಸು ಕಾಣಬೇಕು, ಅದೇ ಆರೋಗ್ಯ. ನವನಗರದ ಒಬ್ಬ ತಮ್ಮನಿಗೆ ಓಣಿಯ ಕಾಕೂ ಒಬ್ಬರು ನಿತ್ಯ ಬಯ್ಯುತ್ತಿದ್ದರಂತೆ: "ಮೂಕ ಪ್ರಾಣಿಯನ್ನು ಉಪವಾಸ ಕೆಡವಿದ್ದೀಯಲ್ಲೋ, ನಿನಗೆ ಒಳ್ಳೆಯದಾದೀತೇ?" ಅಷ್ಟಕ್ಕೇ ಸುಮ್ಮನಾಗದೆ ಕದ್ದು ಕದ್ದು ತುಪ್ಪ ಸವರಿದ ರೊಟ್ಟಿ ಹಾಕುತ್ತಿದ್ದರು. ಪಕ್ಕೆಲುಬು ಮುಚ್ಚಿತು, ನಾಯಿ ಓಡುವುದನ್ನು ಬಿಟ್ಟಿತು. ಕಾಕೂ ಅವರನ್ನೇ ದವಾಖಾನೆಗೆ ಕರೆಸಿ, ಪಕ್ಕೆಲುಬಿನ ಮೇಲೆ ಅವರ ಕೈಯಿಡಿಸಿ ತೋರಿಸಬೇಕಾಯಿತು. ಈಗ ಆ ನಾಯಿಯನ್ನು ಬೆಳಗಿನ ನಡಿಗೆಗೆ ಕರೆದೊಯ್ಯುವವರು ಅವರೇ.

ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು 40 ಡಿಗ್ರಿ ದಾಟುವಾಗ ಎಲ್ಲ ಕಸರತ್ತು ಬೆಳಗಿನ ಏಳರೊಳಗೆ ಮುಗಿಯಲಿ. ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯೂ ನಡೆಯಲಾರದು. ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ಕಾಲು ತೊಡರತೊಡಗಿದರೆ ಮೊದಲು ನೀರು ಸುರಿಯಿರಿ, ಗಾಳಿ ಬೀಸಿ, ಆಮೇಲೆ ದವಾಖಾನೆಗೆ ತರಲು ಗಾಡಿ ಹತ್ತಿಸಿ.

ಕುಂಟುವ ನಾಯಿಗೆ ನಿಮ್ಮ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಅದರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ದವಾಖಾನೆಗೆ ಬಂದೊಡನೆ ಗಾಬರಿಯಲ್ಲಿ ನಾಯಿ ಕುಂಟುವುದನ್ನೇ ಮರೆಯುತ್ತದೆ. ಆದ್ದರಿಂದ ಮನೆಯ ಮುಂದೆ ಸಪಾಟು ಜಾಗದಲ್ಲಿ ಅದು ನಡೆಯುವುದನ್ನು ಮೊಬೈಲಿನಲ್ಲಿ ಹಿಡಿದು ತನ್ನಿ, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಮುಖ ಬೇಡ, ನಾಲ್ಕೂ ಕಾಲು ಕಾಣಬೇಕು.